ಹನ್ನೊಂದು ಹೆಸರುಗಳು

ಆ ವರ್ಷ ನನ್ನ ಹೆದರಿಕೆ ಶುರುವಾಗುತ್ತಿದ್ದದ್ದು ಬೆಳಿಗ್ಗೆ ಹಾಲಿನವನು ಬೆಲ್ ಒತ್ತಿದಾಗ. ಹಾಲಿನವನಿಗೆ ನಾನು ಒಂದು ಪೈಸೆಯನ್ನೂ ಕೊಡಬೇಕಿರಲಿಲ್ಲ. ಆದರೂ ಅಡುಗೆಮನೆಯಲ್ಲೇ ನಿಂತು ಯಾರ ದನಿ ಎಂದು ಕಿವಿಗೊಟ್ಟು ಕೇಳಿ, ಆಮೇಲೆ ಬಾಗಿಲು ತೆಗೆಯುತ್ತಿದ್ದೆ.

ನಾನು ಗುಂಡ್ಲುಪೇಟೆಯ ಒಂದು ಖಾಸಗಿ ಶಾಲೆಯಲ್ಲಿ ಗುಮಾಸ್ತೆ. ಪಾಠ ಮಾಡುವವಳಲ್ಲ, ಆದರೂ ಊರವರ ಬಾಯಲ್ಲಿ ನಾನು ಟೀಚರಮ್ಮ. ಆ ಮರ್ಯಾದೆಯ ಬಲದ ಮೇಲೇ ಒಂಬತ್ತು ವರ್ಷ ಹೆಂಗಸರ ಚೀಟಿ ನಡೆಸಿದೆ. ಇಪ್ಪತ್ತು ಜನ ತಿಂಗಳಿಗೊಮ್ಮೆ ನಮ್ಮ ನಡುಮನೆಯಲ್ಲಿ ಸೇರುತ್ತಿದ್ದೆವು. ಎಲ್ಲರ ಕಂತನ್ನೂ ಒಟ್ಟು ಮಾಡಿ, ಆ ತಿಂಗಳು ಯಾರಿಗೆ ಅಗತ್ಯವೋ ಅವರು ಎತ್ತಿಕೊಳ್ಳುತ್ತಿದ್ದರು. ಎಲ್ಲರೂ ಎತ್ತಿದ ಮೇಲೆ ಹೊಸ ಸುತ್ತು. ಆಮೇಲೆ ಕಾಫಿ. ಕಾಗದಪತ್ರ ಏನೂ ಇಲ್ಲ, ನನ್ನದೊಂದು ನೋಟ್‌ಬುಕ್ಕು, ಅವರ ನಂಬಿಕೆ, ಅಷ್ಟೇ. ಯಾರಾದರೂ ಕಂತು ತಪ್ಪಿಸಿದರೆ ಅದನ್ನು ತುಂಬಿಕೊಡಬೇಕಾದವಳು ಚೀಟಿ ನಡೆಸುವ ನಾನು.

ತಪ್ಪಿಸಿದ್ದು ಒಂದೆರಡು ಕಂತಲ್ಲ. ಹೆದ್ದಾರಿಯ ಪಕ್ಕ ಬೇಕರಿ ಇಟ್ಟಿದ್ದ ಒಬ್ಬಾಕೆ ತನ್ನ ಹೆಸರಲ್ಲೂ ತಂಗಿಯರ ಹೆಸರಲ್ಲೂ ನಾಲ್ಕು ಚೀಟಿ ಹಾಕಿ, ನಾಲ್ಕನ್ನೂ ಎತ್ತಿಕೊಂಡು, ಒಂದು ಸೋಮವಾರ ಅಂಗಡಿಯ ಗಾಜಿನ ಪೆಟ್ಟಿಗೆಗಳ ಸಮೇತ ಕೇರಳದ ಕಡೆ ಹೊರಟುಹೋದಳು. ಅವಳ ಕಂತು ತುಂಬಲು ನನ್ನ ಬಳೆ ಹೋದವು, ಆಮೇಲೆ ಸರ. ಬಾಯಿ ಬಿಟ್ಟರೆ ಮಾನ ಹೋಗುತ್ತದೆ ಎಂದು ಒಬ್ಬಳಿಂದ ತಂದು ಇನ್ನೊಬ್ಬಳಿಗೆ ಕೊಟ್ಟೆ. ಯುಗಾದಿಯ ಹೊತ್ತಿಗೆ ಆ ಸುತ್ತಿನಲ್ಲಿ ಇನ್ನೂ ಚೀಟಿ ಎತ್ತದವರು ಹನ್ನೊಂದು ಜನ ಉಳಿದಿದ್ದರು, ನನ್ನ ಕೈಯಲ್ಲಿ ಏನೂ ಉಳಿದಿರಲಿಲ್ಲ. ಟೈಲರಿಂಗ್ ಮಾಡುವ ನನ್ನ ಯಜಮಾನರಿಗೆ ಹೇಳಿದಾಗ ಅವರು ಮಿಷನ್ ನಿಲ್ಲಿಸಿ ನನ್ನ ಮುಖ ನೋಡಿದರು. "ಜನ ಬಾಗ್ಲಿಗೆ ಬರೋಕ್ ಮುಂಚೆ ಏನಾದ್ರೂ ಮಾಡು" ಎಂದಷ್ಟೇ ಹೇಳಿ ಮತ್ತೆ ಹೊಲಿಯತೊಡಗಿದರು.

ಏನು ಮಾಡುವುದು? 'ಪಾಪರ್ ಎದ್ದ' ಎನ್ನುವುದು ನಮ್ಮಲ್ಲಿ ಬೈಗುಳದ ಹಾಗೆ ಆಡುವ ಮಾತು. ಆದರೆ ಕೋರ್ಟಿಗೆ ಅರ್ಜಿ ಕೊಟ್ಟು, ನಾನು ದಿವಾಳಿಯಾಗಿದ್ದೇನೆ ಎಂದು ಒಪ್ಪಿಕೊಂಡರೆ ಯಾರೂ ಬಾಗಿಲಿಗೆ ಬಂದು ಪೀಡಿಸುವ ಹಾಗಿಲ್ಲ ಎಂದು ಎಲ್ಲೋ ಕೇಳಿದ್ದೆ. ವಕೀಲರನ್ನು ಹಿಡಿಯೋಣವೆಂದರೆ ಫೀಸಿಗೆ ದುಡ್ಡಿಲ್ಲ. ದುಡ್ಡಿದ್ದರೂ ನನಗೆ ಗೊತ್ತಿದ್ದ ವಕೀಲರ ಮಕ್ಕಳೆಲ್ಲ ನಮ್ಮ ಶಾಲೆಯವರೇ. ಬೆಳಿಗ್ಗೆ ಹೇಳಿದ್ದು ಸಂಜೆಗೆ ಗೇಟಿನ ಹತ್ತಿರ ಕಾಯುವ ತಾಯಂದಿರಿಗೆಲ್ಲ ತಲುಪಿರುತ್ತದೆ. ಮಕ್ಕಳ ಫೀಸು ಎಣಿಸಿಕೊಳ್ಳುವವಳು ದಿವಾಳಿ ಎಂದು ಗೊತ್ತಾದರೆ ಶಾಲೆಯವರು ನನ್ನನ್ನು ಆ ಕುರ್ಚಿಯಲ್ಲಿ ಕೂರಿಸುತ್ತಾರೆಯೇ? ಆದ್ದರಿಂದ ಅರ್ಜಿಯನ್ನು ನಾನೇ ಹಾಕಿಬಿಡಬೇಕು ಎಂದುಕೊಂಡೆ. ಎಂಥ ಧೈರ್ಯವಂತೆ ಅನ್ನಿ! ಕರೆಂಟ್ ಬಿಲ್ಲಿನ ಕೌಂಟರಿನಲ್ಲಿ ಯಾರಾದರೂ ದನಿ ಏರಿಸಿದರೆ ಕಣ್ಣಲ್ಲಿ ನೀರು ತಂದುಕೊಳ್ಳುವವಳು ನಾನು.

ರಜೆ ಹಾಕಿ, ಶಾಲೆಯ ಕೆಲಸವಿದೆ ಎಂದು ಅಕ್ಕಪಕ್ಕದವರಿಗೆ ಸುಳ್ಳು ಹೇಳಿ ಒಂದು ದಿನ ಚಾಮರಾಜನಗರಕ್ಕೆ ಹೋದೆ. ಕೋರ್ಟಿನ ಆವರಣದಲ್ಲಿ ಕಾಲಿಟ್ಟಾಗಲೇ ಒಳಗಿನಿಂದ ಯಾರದೋ ಹೆಸರನ್ನು ಗಟ್ಟಿಯಾಗಿ ಕೂಗಿದರು. ಒಂದು ಸಲ, ಎರಡು ಸಲ, ಮೂರು ಸಲ. ಮರದಡಿ ಟೀ ಕುಡಿಯುತ್ತಿದ್ದ ಒಬ್ಬ ಗಂಡಸು ಲೋಟ ಅಲ್ಲೇ ಇಟ್ಟು, ಪಂಚೆ ಎತ್ತಿಕೊಂಡು ಓಡಿದ. ಅಷ್ಟು ಜನರ ನಡುವೆ ನನ್ನ ಹೆಸರನ್ನು ಹಾಗೆ ಕೂಗುವುದನ್ನು ಕಲ್ಪಿಸಿಕೊಂಡೆ. ಅಲ್ಲಿಂದಲೇ ಹಿಂದಿರುಗಬೇಕೆನಿಸಿತು. ರಸ್ತೆಯಾಚೆ ಒಂದು ಟೈಪಿಂಗ್ ಅಂಗಡಿ ಕಂಡದ್ದರಿಂದ ಹೋಗಲಿಲ್ಲ.

ಅಂಗಡಿಯಲ್ಲಿ ವಯಸ್ಸಾದ ಒಬ್ಬರಿದ್ದರು. ನೆಂಟರೊಬ್ಬರಿಗೆ ಬೇಕಾಗಿತ್ತು ಎಂದು ವಿಷಯ ಹೇಳಿದೆ. ಅವರಿಗೆ ಆ ನೆಂಟರು ಯಾರೆಂದು ತಕ್ಷಣ ಗೊತ್ತಾಯಿತು.

"ಲಾಯ್ರು ಇಲ್ದೆನೂ ಆಕ್ಬೌದು ಕಣಮ್ಮ. ಆಕಾದೇನ್ ದೊಡ್ಡದಲ್ಲ. ಆಮೇಲೆ ದುಡ್ಡು ಕೊಟ್ಟೋರು ಒಬ್ಬೊಬ್ರೆ ತಕರಾರು ತಗೀತಾರಲ್ಲ, ಆಗ ನೀವೇ ನಿಂತ್ಕಂಡು ಉತ್ರ ಯೇಳ್ಬೇಕು" ಎಂದರು. ಹಳೆಯ ಅರ್ಜಿಯೊಂದರ ನಮೂನೆ ತೆಗೆದು ಒಂದು ಪಟ್ಟಿಯ ಮೇಲೆ ಬೆರಳಿಟ್ಟರು. "ಇಲ್ ನೋಡಿ. ಯಾರ್ಯಾರಿಗೆ ಕೊಡ್ಬೇಕೋ ಅವರ ಪೂರ್ತಿ ಎಸ್ರು, ಗಂಡನ್ ಎಸ್ರು, ವಯಸ್ಸು, ಕಸುಬು, ವಿಳಾಸ. ಒಬ್ರನ್ನೂ ಬುಡಂಗಿಲ್ಲ. ಎಲ್ರಿಗೂ ಕೋರ್ಟಿಂದ ನೋಟಿಸ್ ಓಯ್ತದೆ."

ವಾಪಸ್ ಬರುವಾಗ ಬಸ್ಸಿನಲ್ಲಿ ನೋಟ್‌ಬುಕ್ ಬಿಚ್ಚಿದೆ. ಉಡಿಗಾಲದ ಹೂವಿನಕ್ಕ. ಸಂತೆಮರಹಳ್ಳಿ ಸೀರೆಯವರು. ಹಿಟ್ಟಿನ ಗಿರಣಿ ಆಂಟಿ. ಕನ್ನಡಕದ ನರ್ಸ್. ನೀಲಿ ಗೇಟು ಮನೆ ಸೊಸೆ. ಹನ್ನೊಂದು ಜನರಲ್ಲಿ ನನಗೆ ನಿಜವಾದ ಹೆಸರು ಗೊತ್ತಿದ್ದದ್ದು ಇಬ್ಬರದ್ದು, ಗಂಡನ ಹೆಸರು ಒಬ್ಬರದ್ದೂ ಇಲ್ಲ. ವರ್ಷಗಟ್ಟಲೆ ಅವರ ದುಡ್ಡು ತೆಗೆದುಕೊಂಡಿದ್ದೇನೆ, ಹಿಂದಿನ ಸುತ್ತುಗಳಲ್ಲಿ ಅವರ ಮಗಳ ಬಾಣಂತನಕ್ಕೆ, ಮನೆಯ ತಾರಸಿಗೆ ಚೀಟಿ ಎತ್ತಿಸಿಕೊಟ್ಟಿದ್ದೇನೆ, ಹೆಸರು ಮಾತ್ರ ಕೇಳಿಲ್ಲ. ಹೆಸರು ಕೇಳುವ ಪ್ರಮೇಯವೇ ಬಂದಿರಲಿಲ್ಲ. ಈಗ ಕೇಳದಿದ್ದರೆ ಅರ್ಜಿ ಇಲ್ಲ, ಕೇಳಿದರೆ 'ಯಾಕೆ' ಎನ್ನುತ್ತಾರೆ. ವಕೀಲರಿದ್ದಿದ್ದರೆ ಅವರ ಕಡೆಯವರು ಯಾರಾದರೂ ಹೋಗಿ ಕೇಳುತ್ತಿದ್ದರೇನೋ. ನನ್ನ ಪರವಾಗಿ ಹೋಗಲು ನಾನೇ ಇದ್ದದ್ದು.

ಹೂವಿನಕ್ಕನಿಂದ ಶುರು ಮಾಡಿದೆ. ಓದು ಬರದವಳು, ಹೆಚ್ಚು ಪ್ರಶ್ನೆ ಕೇಳಲಿಕ್ಕಿಲ್ಲ ಎನ್ನುವ ನೀಚ ಲೆಕ್ಕಾಚಾರ ನನ್ನದು. ಈಗ ನೆನೆದರೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಭಾನುವಾರ ಬೆಳಿಗ್ಗೆ ಉಡಿಗಾಲಕ್ಕೆ ಹೋದೆ. ಅವಳು ಜಗುಲಿಯ ಮೇಲೆ ಕೂತು ಕನಕಾಂಬರ ಕಟ್ಟುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿಸಿ, "ಬಾ ಟೀಚ್ರಮ್ಮ, ಇದೇನ್ ಇಷ್ಟ್ ದೂರ" ಎಂದು ಚಾಪೆ ಹಾಸಿದಳು.

"ಏನಿಲ್ಲ ಅಕ್ಕ, ಚೀಟಿಯವರದೆಲ್ಲ ಹೆಸರು, ವಿಳಾಸ ಬರ್ಕೋಬೇಕಿತ್ತು" ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಎನಿಸಿತು.

ಅವಳು ತನ್ನ ಹೆಸರು ಹೇಳಿದಳು. ಚೆಂದದ ಹೆಸರು. ಬರೆದುಕೊಂಡೆ. ಗಂಡನ ಹೆಸರು ಕೇಳಿದೆ. ಅವಳು ಹೊಸ ಮದುವಣಗಿತ್ತಿಯ ಹಾಗೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಅವರ ಎಸ್ರ ನನ್ ಬಾಯಲ್ಲಿ ಯೇಳಿಸ್ತೀಯಾ? ತಡಿ, ಕಾರ್ಡಲ್ಲದೆ" ಎಂದು ಒಳಗಿನಿಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ಆಧಾರ್ ಕಾರ್ಡು ತಂದು ನನ್ನ ಮಡಿಲಿಗೆ ಹಾಕಿದಳು. ಅಷ್ಟರಲ್ಲಿ ಪಕ್ಕದ ಮನೆಯವಳು ಇಣುಕಿದಳು. "ಯಾವ್ ಸ್ಕೀಮಕ್ಕ? ಮನೆ ಕೊಟ್ಟಾರಾ?" ಎಂದವಳು, ಉತ್ತರಕ್ಕೂ ಕಾಯದೆ ಓಡಿಹೋಗಿ ತನ್ನ ಕಾರ್ಡನ್ನೂ ಅತ್ತೆಯ ಕಾರ್ಡನ್ನೂ ತಂದಳು. "ನಮ್ದೂ ಬರ್ಕಳಿ ಮೇಡಮ್ಮ." ಇನ್ನೊಬ್ಬಳು ಜೆರಾಕ್ಸ್ ಬೇಕಾ ಎಂದು ಕೇಳಿದಳು. ಹೂವಿನಕ್ಕ ಹೆಮ್ಮೆಯಿಂದ, "ನಮ್ ಟೀಚ್ರಮ್ಮ ಕಣೆ, ನಂಬ್ಕಬೌದು" ಎಂದಳು.

ಮೂರು ಕಾರ್ಡು ನನ್ನ ಮಡಿಲಲ್ಲಿ ಬಿದ್ದಿದ್ದವು. ಇನ್ನೆರಡು ತಿಂಗಳಿಗೆ ಈ ಜಗುಲಿಗೆ ಪೋಸ್ಟಿನವನು ಕೋರ್ಟಿನ ನೋಟಿಸ್ ತರುತ್ತಾನೆ. ತಾನು ಏನು ತಪ್ಪು ಮಾಡಿದೆನೋ ಎಂದು ಇವಳು ನಡುಗುತ್ತಾಳೆ, ಅದನ್ನು ಓದಿಸಲು ನನ್ನ ಹತ್ತಿರವೇ ಬರುತ್ತಾಳೆ. ಬೇರೆ ಯಾರ ಹತ್ತಿರ ಹೋಗುತ್ತಾಳೆ?

ಪಕ್ಕದವರಿಗೆ ಕಾರ್ಡು ಹಿಂದಿರುಗಿಸಿ, ಇದು ಸ್ಕೀಮಲ್ಲ ಎಂದು ಹೇಳಿ ಕಳಿಸಿದೆ. ಆಮೇಲೆ ಹೂವಿನಕ್ಕನಿಗೆ ಎಲ್ಲವನ್ನೂ ಹೇಳಿದೆ. ಬೇಕರಿಯವಳು, ಬಳೆ, ಸರ, ಕೋರ್ಟು, ಪಟ್ಟಿ. ಹೇಳುತ್ತಾ ಅತ್ತುಬಿಟ್ಟೆ. ಅವಳು ಹೂ ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಅಂದ್ರೆ ನನ್ ದುಡ್ಡ ಕೊಡಾಕಿಲ್ಲ ಅನ್ನಕೆ ನನ್ ಎಸ್ರ ಕೇಳಕ್ ಬಂದೆ" ಎಂದಳು.

ನಾನು ನೋಟ್‌ಬುಕ್ ಮುಚ್ಚಿದೆ.

ಅವಳು ದಾರ ಹಲ್ಲಿನಿಂದ ಕಡಿದು, ಹೂವಿನ ಮೊಳ ಪಕ್ಕಕ್ಕಿಟ್ಟಳು. "ಆರ್ ವರ್ಸ ದುಡ್ಡ ಕಟ್ಟಿವ್ನಿ. ನಾನು ಒಂದ್ ದಿನ ನಿನ್ ಎಸ್ರ ಕೇಳಿದ್ನಾ? ನಿನ್ ಎಸ್ರೇನು ಅಂತ ನಂಗೊತ್ತಾ? ಎಸ್ರ ಕೇಳ್ದೆ ಕೊಟ್ಟೆ ಕಣವ್ವ." ನನ್ನ ಮಡಿಲಿನಿಂದ ತನ್ನ ಕಾರ್ಡು ಎತ್ತಿಕೊಂಡು ಹೇಳಿದಳು, "ಈಗ ಯೇಳು. ನಿನ್ ಎಸ್ರೇನು? ಯಾರ್ತಾವ ಕೇಳ್ಬೇಕು ಅಂತ ನಂಗೂ ಗೊತ್ತಿರ್ಬೇಕಲ್ಲ."

ನಾನು ನನ್ನ ಹೆಸರು ಹೇಳಿದೆ. ಕೇಳದಿದ್ದರೂ ಅಪ್ಪನ ಹೆಸರು, ಗಂಡನ ಹೆಸರು, ಮನೆಯ ಬೀದಿ ಎಲ್ಲ ಹೇಳಿದೆ. ಅವಳು ಪಕ್ಕದವಳನ್ನು ಮತ್ತೆ ಕರೆದು, ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ನನ್ನ ಹೆಸರು ಬರೆಸಿದಳು. ಸರಿಯಾಗಿ ಬರೆದಿದ್ದಾಳೋ ಇಲ್ಲವೋ ನೋಡು ಎಂದು ನನಗೇ ತೋರಿಸಿದಳು. ಸರಿಯಾಗಿತ್ತು. ಆಧಾರ್ ಕಾರ್ಡನ್ನು ಕವರಿಗೆ ಹಾಕಿಕೊಂಡು ಒಳಗಿಟ್ಟಳು. ಆ ದಿನ ನನಗೆ ಹೂ ಕೊಡಲಿಲ್ಲ.

ಅರ್ಜಿ ಹಾಕಲಿಲ್ಲ. ಅದು ಸರಿಯೋ ತಪ್ಪೋ ನನಗೆ ಇವತ್ತಿಗೂ ತಿಳಿಯದು. ಕಾನೂನು ಗೊತ್ತಿದ್ದವರು, ಹೆದರಿ ಕೆಟ್ಟೆ ಎನ್ನಬಹುದು. ನನಗಂತೂ ಕೋರ್ಟಿನಲ್ಲಿ ನಿಂತು ಹನ್ನೊಂದು ಜನಕ್ಕೆ ಉತ್ತರ ಹೇಳುವುದಕ್ಕಿಂತ ಒಬ್ಬೊಬ್ಬರ ಮನೆಯಲ್ಲಿ ಹೇಳುವುದೇ ವಾಸಿ ಎನಿಸಿತು. ಉಳಿದ ಹತ್ತು ಮನೆಗೂ ಹೋದೆ. ಮೊದಲು ನನ್ನ ಹೆಸರು ಹೇಳಿದೆ, ಆಮೇಲೆ ವಿಷಯ. ಗಿರಣಿ ಆಂಟಿ ಅವಧಿ ಕೊಟ್ಟರು. ಸೀರೆಯವರು ಶಾಲೆಯ ಆಫೀಸಿಗೇ ಬಂದು ಕೂಗಾಡಿದರು. ಕೆಲಸ ಉಳಿಯಿತು, ಫೀಸಿನ ಕುರ್ಚಿ ಉಳಿಯಲಿಲ್ಲ. ಈಗ ನಾನು ಹಿಂದಿನ ಕೋಣೆಯಲ್ಲಿ ವರ್ಗಾವಣೆ ಪತ್ರ ಬರೆಯುತ್ತೇನೆ. ಸಂಬಳ ಬಂದ ದಿನ ಅದನ್ನು ಹಂಚಿಕೊಡುತ್ತೇನೆ. ಇನ್ನೂ ಕೆಲವು ವರ್ಷ ಕೊಡಬೇಕು.

ಹೂವಿನಕ್ಕ ಸಂಜೆ ನಮ್ಮೂರ ಬಸ್ ಸ್ಟ್ಯಾಂಡಿನ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತಿರುತ್ತಾಳೆ. ನನ್ನನ್ನು ಕಂಡರೆ ಈಗ ಟೀಚ್ರಮ್ಮ ಎನ್ನುವುದಿಲ್ಲ. ಲಾರಿಗಳ ಹಾರನ್ನಿನ ನಡುವೆಯೂ ಕೇಳುವಂತೆ ನನ್ನ ಹೆಸರು ಹಿಡಿದು ಕೂಗುತ್ತಾಳೆ. ಮೊದಲ ಸಲ ಕೂಗಿದಾಗ ಕೋರ್ಟಿನಲ್ಲಿ ಮೂರು ಸಲ ಕೂಗಿದ ಹೆಸರು ನೆನಪಾಗಿತ್ತು. ಈಗಲೂ ನೆನಪಾಗುತ್ತದೆ. ಅವಳು ಎರಡನೆಯ ಸಲ ಕೂಗುವುದರೊಳಗೆ ಹೋಗಿ ಬುಟ್ಟಿಯ ಮುಂದೆ ನಿಂತಿರುತ್ತೇನೆ.