ನನ್ನ ಧಾಟಿಯನ್ನು ಹುಡುಕಿ ಡೊಂಬಿವಲಿಗೆ

ಮೇ ತಿಂಗಳ ಒಂದು ಶನಿವಾರ ಮಧ್ಯಾಹ್ನ ಖಾರಘರದಿಂದ ಹೊರಟೆ. ಡೊಂಬಿವಲಿಗೆ ಲೋಕಲ್ ರೈಲಿನ ರಿಟರ್ನ್ ಟಿಕೆಟ್ ಮೂವತ್ತು ರೂಪಾಯಿ. ವಾರವಿಡೀ ಇದೇ ಗಾಡಿಯಲ್ಲಿ ನೇತಾಡಿಕೊಂಡು ರಬಾಳೆಯ ಆಫೀಸಿಗೆ ಹೋಗುವವಳಿಗೆ ರಜೆಯ ದಿನವೂ ಅದನ್ನೇ ಹತ್ತುವ ಮನಸ್ಸಿರಲಿಲ್ಲ. ಆದರೆ ಹಿಂದಿನ ವಾರ ಸಹೋದ್ಯೋಗಿಯೊಬ್ಬಳು ಡೊಂಬಿವಲಿಯ ಭಜನಾ ಮಂಡಳಿಯ ಹಾಡಿನ ಮೊದಲೆರಡು ಸಾಲನ್ನು ಮೊಬೈಲಿನಲ್ಲಿ ಕೇಳಿಸಿ, "ತುಂಬಾ ಹಳೇ ಧಾಟಿಯಂತೆ, ಯಾರು ಕಟ್ಟಿದ್ದೋ ಗೊತ್ತಿಲ್ಲ" ಎಂದಿದ್ದಳು. ಕಟ್ಟಿದವಳು ನಾನು.

ಗಾಡಿ ಬದಲಿಸುವ ಠಾಣೆ ಊರಿನವರೆಗೆ ಒಂದು ಗಂಟೆ ನಿಂತೇ ಹೋದೆ. ನನ್ನ ಹಾಡುಗಾರಿಕೆಯೆಲ್ಲ ನಕಲು. ರೇಡಿಯೊದಲ್ಲಿ ಕೇಳಿದ್ದನ್ನು ಮದುವೆ, ಪೂಜೆಗಳಲ್ಲಿ ಹಾಗೆಯೇ ಒಪ್ಪಿಸಿ ಭೇಷ್ ಅನ್ನಿಸಿಕೊಂಡವಳು. ಸ್ವಂತದ್ದು ಎಂದರೆ ಒಂದು ದಾಸರ ಪದಕ್ಕೆ ಹಾಕಿದ ಈ ಧಾಟಿ ಮಾತ್ರ. ಹಿಂದೆ ನಾವು ಠಾಣೆಯಲ್ಲಿ ಮನೆ ಮಾಡಿಕೊಂಡಿದ್ದಾಗ ನೆರೆಮನೆಯ ಗಿರಿಜಕ್ಕ ಡೊಂಬಿವಲಿಗೆ ಮನೆ ಬದಲಿಸಿದರು. ನೆನಪಿಗೆಂದು ಕ್ಯಾಸೆಟ್ಟಿನಲ್ಲಿ ಹಾಡಿ ಕೊಟ್ಟಿದ್ದೆ. ಮಂಡಳಿಯವರು ಅದನ್ನು ಕೇಳಿಯೇ ಕಲಿತಿರಬೇಕು. ಗಿರಿಜಕ್ಕ ಈಗಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನಿ, ಅದು ನನ್ನದೆಂದು ಯಾರಾದರೂ ಒಮ್ಮೆ ಒಪ್ಪಬೇಕೆಂಬ ಆಸೆ.

ಠಾಣೆಯಲ್ಲಿ ಸ್ಟೇಷನ್ನಿನ ಸೇತುವೆ ದಾಟಿ, ಒಂದು ವಡಾಪಾವ್ ತಿಂದು ಸ್ಲೋ ಲೋಕಲ್ ಹಿಡಿದೆ. ಡೊಂಬಿವಲಿಯಲ್ಲಿ ಇಳಿದಾಗ ಬಿಸಿಗಾಳಿಗೆ ಕೆಮಿಕಲ್ ವಾಸನೆ ಬೆರೆತಿತ್ತು. ಮಂಡಳಿ ಸೇರುವ ವಸತಿ ಸೊಸೈಟಿಯ ಸಭಾಂಗಣಕ್ಕೆ ರಿಕ್ಷಾ ಸಿಗದೆ ನಡೆದೇ ಹೋದೆ.

ಹತ್ತು ಹನ್ನೆರಡು ಹೆಂಗಸರು ಚಾಪೆಯ ಮೇಲೆ ಕೂತಿದ್ದರು. ಮುಖ್ಯಸ್ಥೆ ವಾರಿಜಕ್ಕ ಉಡುಪಿ ಕಡೆಯವರು. "ಬನ್ನಿ, ಫ್ಯಾನಿನ ಅಡಿಯಲ್ಲಿ ಕೂತ್ಕೊಳ್ಳಿ" ಎಂದು ನೀರು ಕೊಟ್ಟರು. ನನ್ನ ಧಾಟಿಯನ್ನೇ ಎತ್ತಿಕೊಂಡರು. ಮೂರನೇ ಸಾಲಿನ ನಡುವೆ ಎಲ್ಲರೂ ಒಟ್ಟಿಗೆ ಹಾಡು ನಿಲ್ಲಿಸಿದರು. ತಾಳವೂ ನಿಂತಿತು. ಎಂಟು ಮಾತ್ರೆಗಳಷ್ಟು ಕಾಲ ಕಣ್ಣು ಮುಚ್ಚಿ ಕೂತು, ಮತ್ತೆ ಮುಂದುವರಿಸಿದರು.

ಆ ಮೌನ ನಾನು ಕಟ್ಟಿದ್ದಲ್ಲ. ಕ್ಯಾಸೆಟ್ಟಿಗೆ ಹಾಡುವಾಗ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಒಲೆಯ ಮೇಲೆ ಹಾಲು ಉಕ್ಕಿತ್ತು. ಟೇಪು ಓಡುತ್ತಿದ್ದಂತೆಯೇ ಎದ್ದು ಗ್ಯಾಸ್ ಆರಿಸಿ ಬಂದು ಉಳಿದದ್ದನ್ನು ಹಾಡಿದ್ದೆ.

"ಈ ಧಾಟಿ ನನ್ನದು" ಎಂದೆ.

"ಹೌದಾ? ಹಾಗಾದ್ರೆ ನೀವೇ ಹಾಡಿ, ನಾವು ಒಟ್ಟಿಗೆ ಹೇಳ್ತೇವೆ" ಎಂದರು ವಾರಿಜಕ್ಕ.

ಹಾಡಿದೆ. ಮೂರನೇ ಸಾಲಿನಲ್ಲಿ ಅವರು ಹಾಡು ನಿಲ್ಲಿಸಿದರು, ನಾನು ಒಬ್ಬಳೇ ಮುಂದೆ ಹೋದೆ. ತಾಳ ಹಿಡಿದಿದ್ದ ತರುಣಿ ಮೆಲ್ಲಗೆ, "ಆಂಟಿ, ಉಧರ್ ರುಕ್ನಾ ಥಾ" ಎಂದಳು, ಅಲ್ಲಿ ನಿಲ್ಲಬೇಕಿತ್ತಂತೆ.

ವಾರಿಜಕ್ಕನಿಗೆ ನನ್ನ ಮೇಲೆ ಮರುಕ ಬಂದಿರಬೇಕು. "ಸ್ವರ ಚಂದ ಉಂಟು. ಎಲ್ಲಿಯೋ ಕೇಳಿ ಕಲ್ತದ್ದಲ್ವಾ? ಅದಕ್ಕೇ ತಪ್ಪಿತು. ಇದರ ಜೀವವೇ ಆ ನಿಲ್ಲುವುದರಲ್ಲಿ. ನಮ್ಮವರು ತೀರಿಹೋದ ಮೇಲೆ ನಾನು ಇಲ್ಲಿಗೆ ಬರುವುದೇ ಅದಕ್ಕೆ."

ಕೋಪವೂ ಬಂತು, ಅಳುವೂ ಬಂತು. ಹಾಲಿನ ಕಥೆ ಹೇಳಿಬಿಟ್ಟರೆ ಧಾಟಿ ನನ್ನದೆಂದು ಸಾಬೀತಾಗುತ್ತಿತ್ತು. ವಾರಿಜಕ್ಕನ ಮುಖ ನೋಡಿ, "ಹೌದು, ಕೇಳಿ ಕಲಿತದ್ದೇ" ಎಂದೆ. ಅವರು ಚಹಾ ಕುಡಿಸಿ ಕಳಿಸಿದರು.

ಹಿಂತಿರುಗುವಾಗಲೂ ಸೀಟು ಸಿಗಲಿಲ್ಲ. ಏಳಕ್ಕೆ ಮನೆ ಮುಟ್ಟಿದಾಗ ಕಾಲು ಕಳಚಿ ಬೀಳುವಂತಿತ್ತು. ಹಾಲು ಕಾಯಲಿಟ್ಟು, ಗೊತ್ತಿಲ್ಲದೆಯೇ ಗುನುಗತೊಡಗಿದೆ. ಮೂರನೇ ಸಾಲಿನಲ್ಲಿ ಗಂಟಲು ತಾನಾಗಿ ನಿಂತಿತು. ಮನಸ್ಸಿನಲ್ಲೇ ಮಾತ್ರೆ ಎಣಿಸತೊಡಗಿದೆ. ಐದನೆಯದಕ್ಕೆ ಹಾಲು ಉಕ್ಕಿತು. ಎಂಟು ಮುಗಿಸಿಯೇ ಗ್ಯಾಸ್ ಆರಿಸಿದೆ.