ಬಿದ್ದ ಜಾಗದಲ್ಲಿ ಕೊಯ್ದ ಕೋಳಿ

ನಾನು ಹುಟ್ಟಿನಿಂದಲೇ ಸಂಶಯದ ಪ್ರಾಣಿ. ಎದುರಿಗೆ ಸಿಕ್ಕವನು ನಕ್ಕರೆ ಯಾಕೆ ನಕ್ಕ ಎಂದು ಯೋಚಿಸುತ್ತೇನೆ. ನಗದೆ ಹೋದರಂತೂ ಇನ್ನೂ ಜಾಸ್ತಿ ಯೋಚಿಸುತ್ತೇನೆ. ‘ತಾನು ಕಳ್ಳ, ಪರರ ನಂಬ’ ಎಂದು ಗಾದೆ ಹೇಳಿ ನನ್ನ ಹೆಂಡತಿ ಬಾಯಿ ಮುಚ್ಚಿಸುತ್ತಾಳೆ. ಕೊನೆಗೆ ಪುಣೆ ಬಳಿಯ ಭೋಸರಿಯ ಒಂದು ಕಾರಖಾನೆಯ ಗೇಟಿನಲ್ಲಿ ಕಾವಲಿಗೆ ಕೂತೆ. ಸಂಶಯಕ್ಕೆ ಸಂಬಳ ಕೊಡುವ ಕೆಲಸ ಅದೊಂದೇ ಇರಬೇಕು. ಅದಕ್ಕೂ ಮೊದಲು, ಸೊಂಟ ನೆಟ್ಟಗಿದ್ದ ಕಾಲದಲ್ಲಿ, ನಾನು ಗಿಲಾವದವನು. ಅಂದರೆ ಗೋಡೆಗೆ ಸಿಮೆಂಟು ಮೆತ್ತಿ ನುಣುಪು ಮಾಡುವವನು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಪುಣೆಯ ಹಡಪಸರದ ಕಡೆ ಎಲ್ಲಿ ನೋಡಿದರಲ್ಲಿ ಕಟ್ಟಡಗಳು ಏಳುತ್ತಿದ್ದವು. ಯಾದಗಿರಿ ಕಡೆಯಿಂದ ನಮ್ಮನ್ನೆಲ್ಲ ಅಲ್ಲಿಗೆ ತಂದವನು ನನ್ನ ಸೋದರಮಾವ. ಅವನ ಮಗಳನ್ನೇ ನಾನು ಮದುವೆಯಾಗಿದ್ದರಿಂದ ಎರಡು ಕಡೆಯಿಂದಲೂ ಮಾವ. ಕೆಲಸದಲ್ಲಿ ಮುಕಾದಮ: ಊರಿಂದ ಆಳು ತರುವುದು, ಠೇಕೇದಾರನಿಗೆ, ಅಂದರೆ ಕಟ್ಟಡದ ಗುತ್ತಿಗೆದಾರನಿಗೆ, ಒದಗಿಸುವುದು. ನಮ್ಮ ಅನ್ನ ಅವನ ಕೈಯಲ್ಲಿತ್ತು, ಅವನ ಅನ್ನ ಠೇಕೇದಾರನ ಕೈಯಲ್ಲಿ. ಇಂಥ ಮನುಷ್ಯ ಯಾರ ಕಡೆಯವನು ಎಂಬ ಪ್ರಶ್ನೆ ನಾನು ಬೀಳುವ ಮೊದಲೂ ನನ್ನ ತಲೆಯಲ್ಲಿತ್ತು.

ಒಂದು ಮಧ್ಯಾಹ್ನ ಮೂರನೇ ಮಹಡಿಯ ಹೊರಗೋಡೆಗೆ ಗಿಲಾವ ಹಚ್ಚುತ್ತಿದ್ದೆ. ಕಾಲ ಕೆಳಗೆ ಬಿದಿರು ಕಟ್ಟಿ ಹಲಗೆ ಹಾಸಿದ ಸಾರುವೆ, ಪುಣೆಯವರು ಪರಾಂಚಿ ಅನ್ನುವುದು ಅದಕ್ಕೇ. ಹಗ್ಗ ಸಡಿಲಾಯಿತೋ ಹಲಗೆ ಜಾರಿತೋ ಇವತ್ತಿಗೂ ಗೊತ್ತಿಲ್ಲ. ಕೈಯಲ್ಲಿದ್ದ ಕರಣಿ ನನಗಿಂತ ಮೊದಲು ಕೆಳಗೆ ಹೋದದ್ದು ಮಾತ್ರ ನೆನಪಿದೆ. ಎಚ್ಚರವಾದಾಗ ಸರಕಾರಿ ದವಾಖಾನೆಯಲ್ಲಿದ್ದೆ. ಸೊಂಟದ ಎಲುಬು ಮುರಿದಿತ್ತು, ಬಲಗಾಲಿನದು ಎರಡು ಕಡೆ. ಇನ್ನು ಮೇಲೆ ಹತ್ತುವ ಕೆಲಸ ಮರೆತುಬಿಡು ಎಂದರು ಡಾಕ್ಟರು. ಹತ್ತುವುದು ಬಿಟ್ಟರೆ ನನಗೆ ಬೇರೇನೂ ಬರುತ್ತಿರಲಿಲ್ಲ.

ಪ್ರಜ್ಞೆ ಬಂದ ಮಾರನೇ ದಿನ ಹೆಂಡತಿ ಡಬ್ಬಿ ತಂದಳು. ಮುಚ್ಚಳ ತೆಗೆದರೆ ರೊಟ್ಟಿಯ ಜೊತೆ ಕೋಳಿ ಸಾರು!

“ಇದೆಲ್ಲಿಂದ ಬಂತು?” ಎಂದೆ.

“ಸೈಟಿನಿಂದ ಪಾಲು ಬಂದದ್ರಿ. ನೀವು ಬಿದ್ದಲ್ಲಿ ಕೊಯ್ದಾರ.”

ನಮ್ಮವರಲ್ಲಿ ಇದು ಇದ್ದದ್ದೇ. ರಕ್ತ ಬಿದ್ದ ಜಾಗ ಇನ್ನೂ ರಕ್ತ ಕೇಳುತ್ತದೆ ಎಂದು ಭಯ. ಅಲ್ಲಿ ಕೋಳಿ ಕೊಯ್ದು ದುರ್ಗವ್ವನಿಗೆ ಒಪ್ಪಿಸುವ ತನಕ ಒಬ್ಬನೂ ಮೇಲೆ ಹತ್ತುವುದಿಲ್ಲ. ಕೊಯ್ದದ್ದರಲ್ಲಿ ಮೊದಲ ಪಾಲು ಬಿದ್ದವನ ಮನೆಗೆ. ಎಲ್ಲ ಗೊತ್ತಿದ್ದೂ ನನಗೆ ಮೈ ಉರಿಯಿತು. ನಾನಿಲ್ಲಿ ಮಗ್ಗುಲು ಹೊರಳಿಸಲಾರದೆ ಬಿದ್ದಿದ್ದೇನೆ, ಅವರು ಕೋಳಿ ತಿಂದು ಕೈ ತೊಳೆದು ಅದೇ ಹಲಗೆಯ ಮೇಲೆ ನಿಂತಿದ್ದಾರೆ. ಡಬ್ಬಿ ಮುಟ್ಟಲಿಲ್ಲ. ಪಕ್ಕದ ಮಂಚದವನು ಚಪ್ಪರಿಸಿ ತಿಂದ.

ಠೇಕೇದಾರ ಒಮ್ಮೆ ಸೇಬು ಹಣ್ಣು ಹಿಡಿದು ಬಂದ, ಎರಡು ಮರಾಠಿ ಮಾತು ಆಡಿದ, ಮತ್ತೆ ಅತ್ತ ಸುಳಿಯಲಿಲ್ಲ. ಪರಿಹಾರಕ್ಕಾಗಿ ಕಾರ್ಮಿಕರ ಕೋರ್ಟಿಗೆ ಹೋದಾಗ ಅವನ ವಕೀಲ ಎದ್ದು ನಿಂತು ಹೇಳಿದ್ದು ಇಷ್ಟು: ಈ ಮನುಷ್ಯ ನಮ್ಮ ಸೈಟಿನಲ್ಲಿ ಬಿದ್ದೇ ಇಲ್ಲ. ಯೆರವಡಾದ ತನ್ನ ಜೋಪಡಿಯ ತಗಡು ಸರಿಮಾಡಲು ಹತ್ತಿ ಬಿದ್ದಿದ್ದಾನೆ. ದವಾಖಾನೆಯಲ್ಲಿ ಹಾಗೆ ಹೇಳಿದವರು ಅವನ ಮನೆಯವರೇ.

ನನ್ನನ್ನು ದವಾಖಾನೆಗೆ ಹೊತ್ತು ತಂದವನು ಮಾವ. ಹೇಳಿದವನು ಇನ್ಯಾರು?

ಅವತ್ತಿನಿಂದ ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ. ಮಾವ ಜೋಳದ ಹಿಟ್ಟು ತಂದುಕೊಟ್ಟರೆ ಬಾಯಿ ಕಟ್ಟಲು ತಂದ ಎಂದುಕೊಳ್ಳುತ್ತಿದ್ದೆ. ತರದಿದ್ದರೆ, ಕೆಲಸ ಮುಗಿಯಿತು, ಇನ್ಯಾಕೆ ತರುತ್ತಾನೆ! ನನ್ನ ವಕೀಲನನ್ನೂ ಬಿಡಲಿಲ್ಲ. ಕೋರ್ಟಿನ ಎದುರಿನ ಉಡುಪಿಯವರ ಹೋಟೆಲಿನಲ್ಲಿ ಅವನೂ ಠೇಕೇದಾರನ ವಕೀಲನೂ ಒಂದೇ ಟೇಬಲ್ಲಿನಲ್ಲಿ ಇಡ್ಲಿ ತಿನ್ನುತ್ತಿದ್ದರು. ಊರುಗೋಲು ಊರಿಕೊಂಡು ಹತ್ತಿರ ಹೋಗಿ ನಿಂತರೆ ಕ್ರಿಕೆಟ್ಟಿನ ಮಾತಿಗೆ ತಿರುಗುತ್ತಿದ್ದರು. ಅಥವಾ ಮೊದಲಿನಿಂದಲೂ ಕ್ರಿಕೆಟ್ಟೇ ಇತ್ತೋ ಏನೋ.

ತಾರೀಖಿನ ಮೇಲೆ ತಾರೀಖು ಬಿದ್ದು ಸಾಕ್ಷಿಯ ದಿನ ಬಂತು. ಠೇಕೇದಾರನ ಕಡೆಯ ಸಾಕ್ಷಿ ನನ್ನ ಮಾವನೇ. ನನಗೆ ಆಶ್ಚರ್ಯವಾಗಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಗಾಂಧಿ ಟೋಪಿ ಹಾಕಿಕೊಂಡು ಬಂದಿದ್ದ. ಆ ಅಂಗಿ ಯಾರು ಕೊಡಿಸಿದ್ದು ಎಂದು ಯೋಚಿಸುತ್ತಾ ಕೂತೆ.

ಮೊದಲು ಕರೆದದ್ದು ನನ್ನ ಹೆಂಡತಿಯನ್ನು. ಠೇಕೇದಾರನ ವಕೀಲ, “ನಿನ್ನ ಗಂಡ ತಗಡಿನ ಮೇಲಿಂದ ಬಿದ್ದನಲ್ಲವೇನಮ್ಮ?” ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದ. ಅವಳು ಅವನ ಕಡೆ ನೋಡಲೂ ಇಲ್ಲ. ನೇರ ಜಡ್ಜ್ ಸಾಹೇಬರಿಗೇ, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಹೇಳಿದಳು:

“ಸಾಹೇಬ್ರ, ಇವರು ನನ್ನ ಮನೀ ಮ್ಯಾಲಿಂದ ಬಿದ್ದಿದ್ರ ಕೋಳಿ ನನ್ನ ಬಾಗಿಲದಾಗ ಕೊಯ್ಯಬೇಕಿತ್ತು. ಅವರ ಸೈಟಿನಾಗ ಯಾಕ ಕೊಯ್ದ್ರು? ಕೊಯ್ದು ನಮ್ಮ ಮನಿಗೆ ಯಾಕ ಪಾಲು ಕಳಿಸಿದ್ರು?”

ವಕೀಲರಿಬ್ಬರೂ ಮುಖ ಮುಖ ನೋಡಿಕೊಂಡರು. ನನ್ನ ವಕೀಲನಿಗೂ ಇದು ಹೊಸದು. ನಾನು ಅವನಿಗೆ ಕೋಳಿಯ ವಿಷಯ ಹೇಳಿರಲೇ ಇಲ್ಲ. ಅದು ನನಗಾದ ಅವಮಾನ, ಕೋರ್ಟಿನಲ್ಲಿ ಆಡುವ ಮಾತೇ ಎಂದು ನುಂಗಿಕೊಂಡಿದ್ದೆ. ಸಾಹೇಬರು ಹಳ್ಳಿ ಕಂಡವರಿರಬೇಕು, ಪೆನ್ನು ಕೆಳಗಿಟ್ಟರು. “ಕೋಳಿ ಕೊಯ್ಸಿದ್ದು ಹೌದೋ ಅಲ್ಲವೋ?” ಎಂದು ಠೇಕೇದಾರನನ್ನು ಕೇಳಿದರು.

“ನಾವು ಮಾಳಕರಿ ಮಂದಿ, ಸಾಹೇಬ್. ಕೋಳಿ ಗೀಳಿ ಮುಟ್ಟುವುದಿಲ್ಲ,” ಎಂದು ಅವನು ಕೊರಳಿನ ತುಳಸಿ ಮಾಲೆ ಎತ್ತಿ ತೋರಿಸಿದ. ಮಾಲೆ ನಿಜವೇ.

ಆಮೇಲೆ ಮಾವ ನಿಂತ. ಕಲಿಸಿಕೊಟ್ಟದ್ದನ್ನು ಒಪ್ಪಿಸಿದ. ಅಳಿಯ ತಗಡಿನ ಮೇಲೆ ಹತ್ತಿದ್ದ, ಕಾಲು ಜಾರಿತು. ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ಮುಗಿಯಿತು ಎಂದುಕೊಂಡೆ.

“ಹಾಗಾದರೆ ಸೈಟಿನಲ್ಲಿ ದೇವಿಗೆ ಕೋಳಿ ಕೊಟ್ಟಿಲ್ಲ?” ಎಂದರು ಸಾಹೇಬರು.

ಮಾವ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಕೊಟ್ಟಿಲ್ಲ ಅಂತ ಅನ್ನಲಿಕ್ಕೆ ಆಗಂಗಿಲ್ರಿ,” ಎಂದ. “ಅವ್ವಗ ಕೊಟ್ಟಿದ್ದು ಕೊಟ್ಟಿಲ್ಲ ಅಂದ್ರ ನಾಳೆ ಮ್ಯಾಲ ಹತ್ತೋ ಮಕ್ಕಳ ಗತಿ ಏನ್ರಿ? ನಾನss ಕೊಯ್ದೀನ್ರಿ. ಈ ಶೇಠ್ ದೂರ ನಿಂತಿದ್ರು.”

“ಯಾರ ಸಲುವಾಗಿ?”

“ಇವನ ಸಲುವಾಗಿ,” ಎಂದು ಆಗ ನನ್ನ ಕಡೆ ನೋಡಿದ.

ನನ್ನ ಬಗ್ಗೆ ಸುಳ್ಳು ಹೇಳಬಲ್ಲ ಮನುಷ್ಯ ಕೋಳಿಯ ಬಗ್ಗೆ ಹೇಳಲಾರದೆ ಹೋದ! ಸಿಟ್ಟು ಬರಬೇಕಿತ್ತು. ನನಗೆ ಅಳು ಬಂತು.

ಪರಿಹಾರ ಸಿಕ್ಕಿತು. ಕೇಳಿದಷ್ಟಲ್ಲ, ಬದುಕು ಮತ್ತೆ ಹೂಡಿಕೊಳ್ಳುವಷ್ಟು. ಮಾವನ ಮುಕಾದಮಕಿ ಅದೇ ವಾರ ಹೋಯಿತು. ಊರಿಗೆ ಹೊರಡುವ ಮುಂಚೆ ನಮ್ಮಲ್ಲಿ ಉಣ್ಣಲು ಬಂದ. ಪರಿಹಾರದಲ್ಲಿ ಪಾಲು ಕೇಳುತ್ತಾನೆ ಎಂದು ಕಾದೆ. ಕೇಳಲಿಲ್ಲ. ಇನ್ನು ತಡೆಯಲಾಗದೆ ನಾನೇ ಕೇಳಿದೆ, “ಅವತ್ತು ದವಾಖಾನ್ಯಾಗ ಮನೀ ಮ್ಯಾಲಿಂದ ಬಿದ್ದಾನ ಅಂತ ಯಾಕ ಹೇಳಿದಿ ಮಾವಾ?”

ಅವನು ರೊಟ್ಟಿ ಮುರಿಯುವುದು ನಿಲ್ಲಿಸಿದ. “ಸೈಟ್ ಅಂದ್ರ ಪೊಲೀಸರು ಬರೋತನ ಡಾಕ್ಟರು ನಿನ್ನ ಮುಟ್ಟಂಗಿಲ್ಲ ಅಂತ ಮಂದಿ ಹೆದರಿಸಿದ್ರು. ನಿನ್ನ ರಕ್ತ ನಿಲ್ಲವಲ್ದಾಗಿತ್ತು. ಶೇಠ್‌ನೂ ಹಂಗss ಹೇಳು ಅಂದಿದ್ದ.”

“ಎರಡರಾಗ ಯಾವುದಕ್ಕ ಹೇಳಿದಿ?”

ಹೆಂಡತಿ, “ಉಣ್ಣಲಿ ಬಿಡ್ರಿ,” ಎಂದು ನನ್ನನ್ನು ಗದರಿದಳು. ಮಾವ ಕೈಯೆತ್ತಿ ಅವಳನ್ನು ತಡೆದ.

“ಗೊತ್ತಿಲ್ಲಪಾ,” ಎಂದ. “ನನಗೂ ಗೊತ್ತಿಲ್ಲ.”

ನಿನಗಾಗಿಯೇ ಎಂದು ಅವನು ಹೇಳಿದ್ದರೆ ನಾನು ಸಾಯುವ ತನಕ ನಂಬುತ್ತಿರಲಿಲ್ಲ. ಅವತ್ತು ಮೊದಲ ಸಲ ಅವನ ಮಾತು ನಂಬಿದೆ. ಇನ್ನೊಂದು ರೊಟ್ಟಿ ಹಾಕು ಎಂದು ಹೆಂಡತಿಗೆ ಹೇಳಿದೆ.