ಗೋದಾಮಿನ ಹಾರ್ನ್ ಮಾವ

ಶಾಲೆಯ ಪಠ್ಯಪುಸ್ತಕಗಳನ್ನು ತರಲು ಗೋದಾಮಿಗೆ ಮೊದಲ ಸಲ ಹೋದ ದಿನ, ಎಲ್ಲರೂ ‘ಹಾರ್ನ್ ಮಾವ’ ಎನ್ನುವ, ಹೊರೆ ಎತ್ತುವ ಫೋರ್ಕ್‌ಲಿಫ್ಟ್ ಗಾಡಿಯ ಚಾಲಕರನ್ನು ನಾನು ಕಾಣುವ ಮೊದಲೇ ಅವರ ಹಾರ್ನ್ ಕೇಳಿಸಿತು. ನರಪಿಳ್ಳೆಯಿಲ್ಲದ ತಿರುವಿನಲ್ಲೂ ಅವರು ಗಾಡಿ ನಿಲ್ಲಿಸಿ, ಎರಡು ಸಲ ಹಾರ್ನ್ ಹೊಡೆದು, ಕತ್ತು ಹೊರಳಿಸಿ ನೋಡಿಯೇ ಮುಂದೆ ಹೋಗುತ್ತಿದ್ದರು. ಹೊರೆ ಎತ್ತರವಾಗಿ ದಾರಿ ಮರೆಯಾದರೆ ಇಡೀ ಗೋದಾಮನ್ನು ಹಿಮ್ಮುಖವಾಗಿಯೇ ದಾಟುತ್ತಿದ್ದರು. “ಮನೇಲೂ ಇದೇ ಕಥೆ ಮೇಷ್ಟ್ರೇ, ಅಡುಗೆಮನೆ ಬಾಗಿಲಲ್ಲಿ ಎರಡು ಸಲ ಕೆಮ್ಮಿಯೇ ಒಳಗೆ ಬರೋದು” ಎಂದು ಮಧ್ಯಾಹ್ನದ ಬುತ್ತಿ ತರುತ್ತಿದ್ದ ಅವರ ಹೆಂಡತಿ ನಗುತ್ತಿದ್ದರು. ಎತ್ತಿದ ಹೊರೆಯ ಕೆಳಗೆ ಯಾರಾದರೂ ನುಸುಳಿದರಂತೂ ಮುಗಿಯಿತು: “ತಲೆಗೆ ಸ್ಪೇರು ಯಾವ ಅಂಗಡೀಲೂ ಸಿಗಲ್ಲ, ಆಚೆ ಬನ್ನಿ ಸ್ವಾಮಿ.” ಇಷ್ಟೆಲ್ಲ ಏಕೆಂದು ಒಮ್ಮೆ ಕೇಳಿದಾಗ ಅವರ ದನಿ ತಗ್ಗಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮೇಲ್ವಿಚಾರಕರು ಅವಸರಪಡಿಸಿದರೆಂದು, ಚಾವಣಿಯ ಬಲ್ಬ್ ಬದಲಿಸಲು, ಜೊತೆಗೇ ಕೆಲಸಕ್ಕಿದ್ದ ತಮ್ಮ ಭಾವಮೈದುನನನ್ನೇ ಗಾಡಿಯ ಕಬ್ಬಿಣದ ತೋಳುಗಳ ಮೇಲೆ ನಿಲ್ಲಿಸಿ ಎತ್ತಿದ್ದರಂತೆ. ಅಲ್ಲಿಂದ ಬಿದ್ದವನು ಇಂದಿಗೂ ಊರುಗೋಲು ಹಿಡಿದೇ ನಡೆಯುತ್ತಾನೆ. “ಆಗಲ್ಲ ಅನ್ನೋ ಒಂದು ಮಾತು ಬಾಯಿಗೆ ಬರ್ಲಿಲ್ಲ ಮೇಷ್ಟ್ರೇ.” ಈಗ ಅವರು ಹೊಸಬರಿಗೆ ಕಲಿಸುತ್ತಾರೆ. ಓಡಿಸುವುದು ಚೆನ್ನಾಗಿ ಬಂದ ಮೇಲೂ ಒಂದು ಪರೀಕ್ಷೆ ಬಾಕಿ ಇರುತ್ತದೆ: ಮಾವ ತಾವೇ ಆ ತೋಳುಗಳ ಮೇಲೆ ಹತ್ತಿ ನಿಂತು, “ಬೇಗ ಎತ್ತು, ಹೊತ್ತಾಯ್ತು” ಎಂದು ಮೇಲ್ವಿಚಾರಕರಂತೆ ಗದರುತ್ತಾರೆ. ಮೊನ್ನೆ ಆ ಪರೀಕ್ಷೆ ನಡೆದಾಗ ನಾನೂ ಅಲ್ಲಿದ್ದೆ. ಚಾಲಕರ ಆಸನದಲ್ಲಿದ್ದ, ಹೊಸದಾಗಿ ಕಲಿತ ಹುಡುಗಿ ಯಂತ್ರವನ್ನು ಆರಿಸಿ, ಕೈಕಟ್ಟಿ ಕುಳಿತು, “ಮೊದ್ಲು ಕೆಳಗಿಳೀರಿ ಮಾವ, ಆಮೇಲೆ ಎಷ್ಟು ಬೇಕಾದ್ರೂ ಬೈರಿ” ಎಂದಳು. ಮಾವ ಇಳಿದವರೇ, ಗೋದಾಮಿಗೆಲ್ಲ ಕೇಳುವಂತೆ “ಪಾಸು, ಪಾಸು” ಎಂದು ಕೂಗುತ್ತಾ ಮುಂದಿನವರನ್ನು ಕರೆದರು.